ದೂರು ಕೇಳುವವನ ಹೆಸರು

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ಮುಂಬಯಿಯ ನಮ್ಮ ಹೋಟೆಲಿನವರ ಸಂಘದವರು ಪ್ರತಿವರ್ಷ ತಮ್ಮ ಸಂಚಿಕೆಗೆ ಹೋಟೆಲಿನ ನೆನಪು ಏನಾದರೂ ಬರೆದುಕೊಡಿ ಎಂದು ಕೇಳುತ್ತಾರೆ. ನಾನೂ ಬರೆದುಕೊಟ್ಟಿದ್ದೇನೆ. ಹತ್ತನೆಯ ತರಗತಿ ಮುಗಿಸಿ ಉಡುಪಿ ಕಡೆಯಿಂದ ಬಂದು ಟೇಬಲ್ಲು ಒರೆಸಿದ್ದು, ಸಯನ್‌ನಲ್ಲಿ ಮಳೆನೀರು ಒಳನುಗ್ಗಿ ಇಡ್ಲಿಯ ತಟ್ಟೆಗಳು ತೇಲಿದ್ದು, ಮದುವೆಯ ಮುಹೂರ್ತ ಮೀರುತ್ತದೆ ಎಂದು ದೋಸೆ ಭಟ್ಟರು ಕಾವಲಿಯ ಮುಂದಿನಿಂದಲೇ ಓಡಿ ಲೋಕಲ್ ಹತ್ತಿದ್ದು. ಓದಿದವರು ಫೋನ್ ಮಾಡಿ ನಕ್ಕಿದ್ದಾರೆ. ಆದರೆ ಪ್ರತಿಸಲ ಬರೆಯಲು ಕೂತಾಗ ಮೊದಲು ನೆನಪಿಗೆ ಬರುವುದು ಇದು. ಇದನ್ನು ಬದಿಗೆ ಸರಿಸಿ ಇನ್ನೊಂದನ್ನು ಬರೆದು ಕಳಿಸುತ್ತೇನೆ. ಈ ಸಲ ಹಾಗೆ ಮಾಡುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ನನ್ನ ಹೆಸರು ಒಮ್ಮೆ ಬೋರ್ಡಿನ ಮೇಲೆ ಬಂದಿತ್ತು, ಅಷ್ಟು ಸಾಕು.

ನಾನು ಸಯನ್‌ನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವ ಮ್ಯಾನೇಜರ್ ಆಗಿದ್ದೆ. ಧನಿಗಳಿಗೆ ಅದಲ್ಲದೆ ಬಾಂದ್ರಾದಲ್ಲಿ ಒಂದು, ಠಾಣೆಯಲ್ಲಿ ಒಂದು ಹೋಟೆಲ್ ಇತ್ತು. ಅವರು ದಿನಕ್ಕೊಮ್ಮೆ ಬಂದು ಒಂದು ಸುತ್ತು ನೋಡಿ ಹೋಗುತ್ತಿದ್ದರು. ಉಳಿದದ್ದೆಲ್ಲ ನನ್ನ ಕೈಯಲ್ಲಿ.

ಆಗಿನ ಹೋಟೆಲೆಂದರೆ ಸಾಂಬಾರಿನ ಪರಿಮಳದ ಜೊತೆ ಸಿಗರೇಟಿನ ಹೊಗೆಯೂ ಇರಲೇಬೇಕು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಪ್ರತಿ ಟೇಬಲ್ಲಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಅಲ್ಯುಮಿನಿಯಮ್ಮಿನ ಆಶ್‌ಟ್ರೇ. ಬಾಗಿಲಲ್ಲಿ ಪಾನ್ ಬೀಡಿಯ ಗೂಡಂಗಡಿ, ಅದರ ಕಂಬಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಬೆಳಗಿನಿಂದ ಸಂಜೆಯತನಕ ಆರದ ಕೆಂಡ. ಗಿರಾಕಿ ಅಲ್ಲಿ ಸಿಗರೇಟು ಹಚ್ಚಿಕೊಂಡು ಒಳಗೆ ಬಂದು ಅರ್ಧ ಲೋಟದ ಕಟಿಂಗ್ ಚಹಾ ಹೇಳುತ್ತಿದ್ದ. ನಾನೂ ಗಲ್ಲಾದಲ್ಲಿ ಕೂತೇ ಸೇದುತ್ತಿದ್ದೆ. ಒಂದು ಕೈಯಲ್ಲಿ ಚಿಲ್ಲರೆ ಕೊಟ್ಟು ಇನ್ನೊಂದು ಕೈಯಲ್ಲಿ ಬೂದಿ ಕೊಡವುವುದು ನನಗೆ ಉಸಿರಾಡಿದಷ್ಟೇ ಸಹಜವಾಗಿತ್ತು. ಮಗುವನ್ನೆತ್ತಿಕೊಂಡು ಬಂದ ಹೆಂಗಸರು ಹೊಗೆಗೆ ಮುಖ ತಿರುಗಿಸುವುದು ಕಾಣುತ್ತಿತ್ತು. ಅವರು ಏನೂ ಹೇಳುತ್ತಿರಲಿಲ್ಲ, ನಾವು ಏನೂ ಕೇಳುತ್ತಿರಲಿಲ್ಲ.

ಆಮೇಲೆ, 2008ರಲ್ಲಿ, ಆ ಕಾನೂನು ಬಂತು. ಗಾಂಧಿ ಜಯಂತಿಯಿಂದ ಸಾರ್ವಜನಿಕ ಜಾಗದಲ್ಲಿ ಯಾರೂ ಸೇದುವಂತಿಲ್ಲ. ಹೋಟೆಲು, ಆಫೀಸು, ಸ್ಟೇಷನ್ನು ಯಾವುದಕ್ಕೂ ವಿನಾಯಿತಿಯಿಲ್ಲ. ಆಶ್‌ಟ್ರೇ ಇಟ್ಟರೂ ತಪ್ಪು. ಧನಿಗಳು ಹೋಟೆಲಿನವರ ಸಭೆಗೆ ಹೋಗಿ ಬಂದವರು ನನ್ನ ಮುಂದೆ ಒಂದು ಕಾಗದ ಇಟ್ಟರು. ಬೋರ್ಡಿನಲ್ಲಿ ಏನು ಬರೆಸಬೇಕು ಎಂಬುದು ಅದರಲ್ಲಿತ್ತು.

"ಇಲ್ಲೊಂದು ಹೆಸರು ಹಾಕ್ಬೇಕಂತೆ" ಎಂದರು. "ಯಾರಾದರೂ ಸೇದಿದರೆ ದೂರು ಯಾರಿಗೆ ಹೇಳುದು ಅಂತ."

"ನಿಮ್ಮದೇ ಹಾಕುವ ಧನಿ."

"ನನ್ನದೆಂತಕ್ಕೆ? ನಾನು ಮೂರು ಕಡೆ ಓಡುವವ. ನಿನ್ನದು ಹಾಕು ಮಾರಾಯ. ದೂರು ಹೇಳ್ಲಿಕ್ಕೆ ಯಾರು ಬರ್ತಾರೆ?"

ಪೇಂಟರ್ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ. ಇಲ್ಲಿ ಧೂಮಪಾನ ಮಾಡುವುದು ಅಪರಾಧ, ದೂರು ಇದ್ದರೆ ಇವರಲ್ಲಿ ಹೇಳಿ, ಅದರ ಕೆಳಗೆ ನನ್ನ ಪೂರ್ತಿ ಹೆಸರು. ಅಷ್ಟು ವರ್ಷ ಆ ಹೋಟೆಲಿನಲ್ಲಿ ದುಡಿದರೂ ನನ್ನ ಹೆಸರು ಬಣ್ಣದಲ್ಲಿ ಕಂಡದ್ದು ಅದೇ ಮೊದಲು. ಹೆಂಡತಿಯನ್ನು ಕರೆತಂದು ತೋರಿಸಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನಮ್ಮಲ್ಲಿ ಕುಂದಾಪುರದ ಕಡೆಯ ಒಬ್ಬ ಸಪ್ಲೈಯರ್ ಇದ್ದ. ಬಾಯಿ ತೆರೆದರೆ ತಮಾಷೆ. ಬೋರ್ಡು ಏರಿಸುವಾಗ ಏಣಿ ಹಿಡಿದುಕೊಂಡೇ ಹೇಳಿದ, "ಮ್ಯಾನೇಜರ್ರೇ, ಇನ್ನು ನೀವು ಜಡ್ಜ್ ಆದ್ರಿ. ಕಪ್ಪು ಕೋಟೊಂದು ಹೊಲಿಸಿಬಿಡುವ. ಸಾಂಬಾರು ಚೆಲ್ಲಿದ್ರೂ ಕಾಣುದಿಲ್ಲ."

ಬೋರ್ಡು ಏರಿತು, ಆಶ್‌ಟ್ರೇಗಳನ್ನೆಲ್ಲ ಗೋಣಿಗೆ ತುಂಬಿ ಹಳೆಯ ಸಾಮಾನು ಕೊಳ್ಳುವ ಭಂಗಾರಿನವನಿಗೆ ಕೊಟ್ಟೆವು. ಮೊದಲ ದಿನಗಳಲ್ಲಿ ಗಿರಾಕಿಗಳು ಕೂತು ಜೇಬಿಗೆ ಕೈಹಾಕಿ, ಬೋರ್ಡು ನೋಡಿ ಕೈ ಹೊರಗೆ ತೆಗೆಯುತ್ತಿದ್ದರು. ದಿನಾ ಮಧ್ಯಾಹ್ನ ಬಂದು ಮೂಲೆಯ ಟೇಬಲ್ಲಿನಲ್ಲಿ ಕೂರುತ್ತಿದ್ದ ಒಬ್ಬ ಗುಜರಾತಿ ದಲಾಲರು ಅರ್ಧ ಕಪ್ಪು ಚಹಾ ಬಿಟ್ಟು ಎದ್ದರು. "ಅರೇ ಅಣ್ಣಾ, ಸಿಗರೇಟ್ ಕೆ ಬಿನಾ ಚಾಯ್, ಯೇ ತೋ ಹಾಸ್ಪಿಟಲ್ ಕೀ ಚಾಯ್ ಹೋ ಗಯೀ." ಸಿಗರೇಟಿಲ್ಲದ ಚಹಾ ಆಸ್ಪತ್ರೆಯ ಚಹಾ ಎಂಬ ಮಾತಿಗೆ ಅವರ ಜೊತೆ ಬರುತ್ತಿದ್ದವರೂ ಎದ್ದರು. ಸಂಜೆ ಧನಿಗಳು ಬಂದು ಖಾಲಿ ಮೂಲೆ ನೋಡಿ ನನ್ನ ಮುಖ ನೋಡಿದರು. ಆ ನೋಟಕ್ಕೇ ನನಗೆ ಹೆದರಿಕೆ.

ನನ್ನ ಸ್ಥಿತಿ ಆ ಗಿರಾಕಿಗಳಿಗಿಂತ ಕಡೆ. ಸಿಗರೇಟಿಲ್ಲದೆ ಗಲ್ಲಾದಲ್ಲಿ ಕೂತರೆ ಚಿಲ್ಲರೆ ತಪ್ಪುತ್ತಿತ್ತು. ರಸ್ತೆಗೆ ಹೋಗಿ ಸೇದೋಣವೆಂದರೆ ಗಲ್ಲಾ ಬಿಟ್ಟು ಗಿರಾಕಿಗಳ ಕಣ್ಣೆದುರು ನಿಲ್ಲುವಂತಿರಲಿಲ್ಲ. ಒಂದು ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ, ಅಡುಗೆಮನೆ ದಾಟಿ ಹಿಂದಿನ ಓಣಿಗೆ ಹೋಗಿ ಒಂದು ಹಚ್ಚಿದೆ. ಆ ಓಣಿಯಲ್ಲಿ ಮೊದಲ ಸಿಗರೇಟು ನನ್ನದು. ಬೋರ್ಡಿನಲ್ಲಿ ಹೆಸರಿದ್ದವನದ್ದು.

ಓಣಿ ಎಂದೆನಲ್ಲ, ಅದು ಅಡುಗೆಮನೆಯ ಹಿಂಬಾಗಿಲಿಗೂ ಪಕ್ಕದ ಬಿಲ್ಡಿಂಗಿನ ಗೋಡೆಗೂ ನಡುವಿನ ಇಕ್ಕಟ್ಟಾದ ಜಾಗ. ಮೇಲೆ ತಗಡು, ಕೆಳಗೆ ಚರಂಡಿಯ ಕಲ್ಲು, ಒಂದು ತುದಿಯಲ್ಲಿ ಹೊರಗಿನ ಗಲ್ಲಿಗೆ ತೆರೆದ ಸಣ್ಣ ಗೇಟು. ಅಲ್ಲೇ ನಮ್ಮ ತರಕಾರಿ ಬಾಯಿ ಕೂರುತ್ತಿದ್ದದ್ದು; ಕೆಲಸದ ಹೆಂಗಸನ್ನು ಮುಂಬಯಿಯಲ್ಲಿ ಬಾಯಿ ಎನ್ನುತ್ತಾರೆ. ಹೋಟೆಲಿನ ಈರುಳ್ಳಿ ಸುಲಿಯುವುದು, ಕೊತ್ತಂಬರಿ ಆರಿಸುವುದು, ಬಟಾಟೆ ಹೆಚ್ಚುವುದು, ಕರಿಬೇವು ಬಿಡಿಸುವುದು, ಎಲ್ಲ ಅವಳೇ. ವಿಜಯಪುರದ ಕಡೆಯವಳು. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಒಬ್ಬ ಮಗ, ಧಾರಾವಿಯಲ್ಲಿ ಒಂದೇ ಕೋಣೆಯ ಖೋಲಿ. ಬೆಳಿಗ್ಗೆ ನಡೆದೇ ಬಂದು ಗೋಣಿ ಹಾಸಿ ಕೂತರೆ ಸಂಜೆಯೇ ಏಳುವುದು.

ಅವಳು ಬಂದ ಹೊಸದರಲ್ಲಿ ನನ್ನ ಮಾತು ಕೇಳಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ನಿಮ್ಮದು ಪುಸ್ತಕ ಓದಿದಂಗ ಆಗತೈತ್ರಿ ಅಣ್ಣಾರ" ಎನ್ನುತ್ತಿದ್ದಳು. ನಾನು "ನಿನ್ನದು ಜಗಳ ಮಾಡಿದ ಹಾಗೆ ಉಂಟು" ಎನ್ನುತ್ತಿದ್ದೆ. ಇಡೀ ಹೋಟೆಲಿನಲ್ಲಿ ನನ್ನನ್ನು ಮ್ಯಾನೇಜರ್ ಎನ್ನದೆ ಅಣ್ಣಾ ಎಂದವಳು ಅವಳೊಬ್ಬಳು. ಗಿರಾಕಿಗಳೂ ಅಣ್ಣಾ ಎನ್ನುತ್ತಿದ್ದರು, ಆದರೆ ಮುಂಬಯಿಯಲ್ಲಿ ಅದು ನಮ್ಮ ಕಡೆಯ ಹೋಟೆಲಿನವರನ್ನೆಲ್ಲ ಕರೆಯುವ ರೀತಿ. ಇವಳು ಕರೆದದ್ದು ಬೇರೆ.

ಆ ಮಧ್ಯಾಹ್ನ ನಾನು ಸಿಗರೇಟು ಹಚ್ಚಿದಾಗ, "ಆ ಕಡೆ ಮಾರಿ ಮಾಡ್ರಿ ಅಣ್ಣಾರ, ಮೊದಲೇ ಉಳ್ಳಾಗಡ್ಡಿ ಕಣ್ಣೀರ ತರಸ್ತೈತಿ, ನೀವೊಬ್ರು" ಎಂದಳು. ನಾನು ನಕ್ಕು ಗೇಟಿನ ಕಡೆ ತಿರುಗಿದೆ. ಹೊಗೆ ತಿರುಗಲಿಲ್ಲ.

ಗುಜರಾತಿ ದಲಾಲರು ಮತ್ತೊಮ್ಮೆ ಬಂದಾಗ ನಾನು ಗಲ್ಲಾದಿಂದಲೇ ಕಣ್ಣಿನಲ್ಲಿ ಹಿಂದಿನ ಬಾಗಿಲು ತೋರಿಸಿದೆ. ನಮ್ಮ ದಂಧೆಯಲ್ಲಿ ಗಲ್ಲಾದವನು ದಿನದ ಗಿರಾಕಿಗೆ ಇಲ್ಲ ಎನ್ನಬಾರದು, ಇದು ಯಾರೂ ಹೇಳಿಕೊಡದೆ ಕಲಿತ ಪಾಠ. ಅವರು ಎದ್ದು ಹೋದರು, ಅವರ ಹಿಂದೆ ಇನ್ನಿಬ್ಬರು. ಕೆಲವೇ ದಿನಗಳಲ್ಲಿ ಓಣಿಗೆ ಒಂದು ಬೆಂಚು ಬಂತು, ಚಹಾ ಅಲ್ಲಿಗೇ ಹೋಗತೊಡಗಿತು. ಬಾಗಿಲ ಪಾನ್ ಅಂಗಡಿಯವನು ಹಗ್ಗದ ಒಂದು ತುಂಡು ಕತ್ತರಿಸಿ ಕೊಟ್ಟ, ಅದನ್ನೂ ಗೇಟಿಗೆ ಕಟ್ಟಿದೆವು. ಧನಿಗಳು ನೋಡಿ, "ಮುಂದೆ ಕಾನೂನು ಉಂಟಲ್ಲ, ಹಿಂದೆ ಎಂತ ಮಾಡ್ತಾರೆ ನಮಗೆ ಗೊತ್ತಿಲ್ಲ" ಎಂದರು. ನಮ್ಮ ತಿಳಿವಳಿಕೆ ಅದು. ಗಿರಾಕಿ ಕೂರುವುದು ಹೋಟೆಲ್, ಆಳು ಕೂರುವುದು ಹೋಟೆಲ್ ಅಲ್ಲ. ಕೆಲಸ ಮಾಡುವ ಜಾಗವೂ ಆ ಕಾನೂನಿಗೆ ಸೇರುತ್ತದೆ ಎಂದು ಧನಿಗಳು ತಂದ ಕಾಗದದಲ್ಲೇ ಇತ್ತು. ನಾನು ಓದಿದ್ದೆ.

ಮೊದಲು ಇಡೀ ಹಾಲಿನಲ್ಲಿ ಫ್ಯಾನಿನ ಗಾಳಿಗೆ ಚದುರುತ್ತಿದ್ದ ಹೊಗೆ ಈಗ ಆ ತಗಡಿನ ಕೆಳಗೆ ತುಂಬಿತು. ಹಾಲಿನಲ್ಲಿ ಮಕ್ಕಳು ಆರಾಮವಾಗಿ ದೋಸೆ ತಿನ್ನುತ್ತಿದ್ದರು. ಕುಟುಂಬದವರು ಹೆಚ್ಚು ಬರತೊಡಗಿದರು, ಧನಿಗಳಿಗೆ ಸಂತೋಷವಾಯಿತು. ಕಾನೂನು ಒಳ್ಳೆಯದೇ ಮಾಡಿತು, ಅದನ್ನು ಅಲ್ಲಗಳೆಯಲಾರೆ. ಆದರೆ ನಮ್ಮ ಹೋಟೆಲಿನ ಮಟ್ಟಿಗೆ ಹೊಗೆ ಎಲ್ಲಿಗೂ ಹೋಗಲಿಲ್ಲ. ಎಲ್ಲರ ಪಾಲಿನದೂ ಒಬ್ಬಳ ಪಾಲಿಗೆ ಬಂತು.

ಅವಳು ಗೋಣಿಯನ್ನು ಮೂಲೆಗೆ ಎಳೆದುಕೊಂಡಳು. ಸೆರಗನ್ನು ಮೂಗಿಗೆ ಸುತ್ತಿ ಕಟ್ಟಿಕೊಂಡಳು. ಮಳೆಗಾಲ ಬಂದಾಗ ಇರಚಲು ಹೊಡೆಯದಂತೆ ನಾವು ಗೇಟಿನ ಕಡೆಗೆ ತಾಡಪತ್ರಿ ಇಳಿಬಿಟ್ಟೆವು. ಆಮೇಲೆ ಗಾಳಿ ಹೋಗಲು ಇದ್ದ ದಾರಿಯೂ ಮುಚ್ಚಿತು. ಅವಳ ಕೆಮ್ಮು ಅಡುಗೆಮನೆಯಲ್ಲಿ ರುಬ್ಬುವ ಯಂತ್ರದ ಸದ್ದಿನ ನಡುವೆಯೂ ಕೇಳುತ್ತಿತ್ತು.

ಒಂದು ದಿನ ಅವಳು ಕುಂದಾಪುರದ ಸಪ್ಲೈಯರನ ಹತ್ತಿರ ಗೋಳು ಹೇಳಿಕೊಂಡಳಂತೆ. ಅವನು ತನ್ನ ಸ್ವಭಾವದಂತೆ, "ನನ್ನತ್ರ ಹೇಳಿದ್ರೆ ಎಂತ ಆಗ್ತದೆ? ಬೋರ್ಡಿನಲ್ಲಿ ಮ್ಯಾನೇಜರ ಹೆಸರುಂಟು, ದೂರು ಅವರಿಗೇ ಹೇಳ್ಬೇಕು ಅಂತ ಸರ್ಕಾರದ್ದೇ ಆರ್ಡರ್" ಎಂದನಂತೆ. ಅವನು ಹೇಳಿದ್ದು ತಮಾಷೆಗೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಅವಳು ಅದನ್ನು ನಿಜವೆಂದೇ ನಂಬಿದಳು. ನಿಜವೂ ಆಗಿತ್ತಲ್ಲ.

ತರಕಾರಿ ಬಾಯಿ ಎಂದೂ ಹಾಲಿಗೆ ಬಂದವಳಲ್ಲ. ಅಂದು ಮಧ್ಯಾಹ್ನದ ಊಟದ ಹೊತ್ತಿಗೆ, ಟೇಬಲ್ಲುಗಳೆಲ್ಲ ತುಂಬಿರುವಾಗ, ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಗಲ್ಲಾದ ಮುಂದೆ ಬಂದು ನಿಂತಳು.

"ಅಣ್ಣಾರ, ಆ ಬೋರ್ಡಿನ್ಯಾಗ ನಿಮ್ಮ ಹೆಸರ ಐತಂತ್ರಿ."

"ಹೌದು. ಅದಕ್ಕೆಂತ?"

"ಯಾರರ ಸೇದಿದ್ರ ನಿಮಗ ಹೇಳಬೇಕಂತ. ಅದಕ್ಕ ಹೇಳಾಕ ಬಂದೀನ್ರಿ. ಹಿಂದ ಭಾಳ ಮಂದಿ ಸೇದ್ತಾರ್ರಿ. ನನಗ ಉಸರಾಡಾಕ ಆಗವಲ್ದು."

ಗಲ್ಲಾದ ಹತ್ತಿರ ಬಿಲ್ಲು ಕೊಡಲು ನಿಂತಿದ್ದವರಲ್ಲಿ ಗುಜರಾತಿ ದಲಾಲರೂ ಇದ್ದರು. ಅವರಿಗೆ ಕನ್ನಡ ಬಾರದು. "ಕ್ಯಾ ಬೋಲತೀ ಹೈ?" ಎಂದರು. ಸಪ್ಲೈಯರ್ ಹಿಂದಿಯಲ್ಲಿ ಹೇಳಿದ. ಎಲ್ಲರೂ ನಕ್ಕರು. ನನಗೆ ಮುಖ ಸುಟ್ಟ ಹಾಗಾಯಿತು. ಆ ನಗುವಿನಲ್ಲಿ ನಾನು ಅವರ ಕಡೆಯವನೋ ಇವಳ ಕಡೆಯವನೋ ಎಂದು ತೀರ್ಮಾನವಾಗಬೇಕಿತ್ತು. ನಾನು ಬಿಲ್ಲಿನ ಪ್ಯಾಡು ಎಳೆದುಕೊಂಡು ಗಂಭೀರವಾಗಿ ಕೇಳಿದೆ.

"ಯಾರ ಮೇಲೆ ದೂರು?"

"ಯಾರಂತ ಹೇಳ್ಲಿರಿ, ಎಲ್ಲಾರೂ ಸೇದ್ತಾರ. ನೀವೂ ಸೇದ್ತೀರಿ."

ಮತ್ತೆ ನಗು. ನಾನು ಪ್ಯಾಡಿನ ಮೇಲೆ ಏನೋ ಗೀಚಿ, ಹರಿದು, ಹಳೆಯ ಬಿಲ್ಲುಗಳನ್ನು ಚುಚ್ಚಿಡುವ ಮುಳ್ಳಿಗೆ ಚುಚ್ಚಿದೆ. "ಆಯ್ತು, ಬರೆದುಕೊಂಡೆ. ಇನ್ನು ಹೋಗು, ಕೊತ್ತಂಬರಿ ಬಾಡ್ತದೆ."

ಅವಳು ಕೈಮುಗಿದಳು. ತಮಾಷೆಗಲ್ಲ, ನಿಜವಾಗಿ ಕೈಮುಗಿದು ಒಳಗೆ ಹೋದಳು.

ಆಮೇಲೆ ಕೆಲವು ಸಲ ನಾನು ಓಣಿಗೆ ಹೋದಾಗ, "ಬರಕೊಂಡಿದ್ರಲ್ರಿ ಅಣ್ಣಾರ, ಏನಾತ್ರಿ?" ಎಂದು ಕೇಳಿದಳು. "ಮೇಲೆ ಕಳಿಸಿದ್ದೇನೆ" ಎಂದೆ. ಹೀಗೆ ಹೇಳುವಾಗಲೂ ನನ್ನ ಬೆರಳ ನಡುವೆ ಸಿಗರೇಟು ಇರುತ್ತಿತ್ತು. ಒಮ್ಮೆ ಮಾತ್ರ ಧನಿಗಳ ಹತ್ತಿರ ಮಾತು ತೆಗೆದೆ. "ಅವಳಿಗೆ ಆಗದಿದ್ರೆ ಬೇರೆ ಕಡೆ ನೋಡಿಕೊಳ್ಳಲಿ. ಈರುಳ್ಳಿ ಸುಲಿಯುವವರು ಸಿಗದ ಊರಾ ಇದು?" ಎಂದರು. ಅಲ್ಲಿಗೆ ಸುಮ್ಮನಾದೆ. ಅಡುಗೆಮನೆಯ ಮೇಲೆ ಒಂದು ಮಾಳಿಗೆಯಿತ್ತು, ಅಕ್ಕಿಮೂಟೆ ಇಡುವ ಜಾಗ, ಕಿಟಕಿಯೂ ಇತ್ತು. ಅವಳನ್ನು ಅಲ್ಲಿ ಕೂರಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ತರಕಾರಿ ಮೂಟೆ ಮೇಲಕ್ಕೆ ಹೊರುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದನ್ನು ನಂಬಿಯೂ ಬಿಟ್ಟೆ.

ತಪಾಸಣೆಯವರು ಬಂದದ್ದು ಮುಂಬಾಗಿಲಿನಿಂದಲ್ಲ. ಯಾರೋ ಹೇಳಿರಬೇಕು, ನೇರವಾಗಿ ಹಿಂದಿನ ಗಲ್ಲಿಯಿಂದ ಗೇಟು ನೂಕಿಕೊಂಡು ಬಂದರು. ಪಾಲಿಕೆಯ ಒಬ್ಬ ಅಧಿಕಾರಿ, ಜೊತೆಗೆ ಒಬ್ಬ ಹವಾಲ್ದಾರ. ಸೇದುತ್ತಿದ್ದವರು ಅಡುಗೆಮನೆಯೊಳಗಿಂದ ಹಾಲಿಗೆ ನುಗ್ಗಿ ತಮ್ಮ ತಮ್ಮ ಟೇಬಲ್ಲಿನಲ್ಲಿ ಕೂತು ಮೆನು ಓದತೊಡಗಿದರು. ನನ್ನನ್ನು ಕರೆಯಲು ಭಟ್ಟರು ಓಡಿಬಂದರು. ನಾನು ಹೋಗುವಾಗ ಓಣಿಯಲ್ಲಿ ಅವಳೊಬ್ಬಳೇ, ಕರಿಬೇವಿನ ರಾಶಿಯ ಮುಂದೆ. ಚರಂಡಿಯ ತುಂಬ ಮೋಟುಗಳು. ಬೆಂಚಿನ ಅಂಚಿನಲ್ಲಿ ಒಂದು ಇನ್ನೂ ಉರಿಯುತ್ತಿತ್ತು.

"ಯೇ ಕಿಸಕಾ ಹೈ?" ಅಧಿಕಾರಿ ಅದನ್ನೇ ತೋರಿಸಿ ಇದು ಯಾರದೆಂದು ಕೇಳಿದರು. "ಬೋರ್ಡ್ ಪೇ ಕಿಸಕಾ ನಾಮ್ ಹೈ?"

"ಮೇರಾ" ಎಂದೆ, ಬೋರ್ಡಿನ ಹೆಸರು ನನ್ನದು. ಸೇದಿದವರು ಎಷ್ಟು ಜನವೋ ಅಷ್ಟೂ ದಂಡ ಬೋರ್ಡಿನಲ್ಲಿ ಹೆಸರಿದ್ದವನ ಮೇಲೆ ಬೀಳುತ್ತದೆ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಲೈಸೆನ್ಸಿನ ವಿಚಾರಕ್ಕೆ ಬಂದರೆ ಧನಿಗಳು ನನ್ನನ್ನು ಉಳಿಸುವುದಿಲ್ಲ ಎಂದು ಗೊತ್ತಿತ್ತು. ಈ ವಯಸ್ಸಿನಲ್ಲಿ ಯಾವ ಹೋಟೆಲಿನ ಗಲ್ಲಾದಲ್ಲಿ ಕೂರಿಸುತ್ತಾರೆ? ಇದೆಲ್ಲ ಯೋಚಿಸಿ ಹೇಳಿದೆನೋ, ಹೇಳಿದ ಮೇಲೆ ಯೋಚಿಸಿದೆನೋ, ಈಗ ತಿಳಿಯದು. ಬಾಯಿಯಿಂದ ಬಂದದ್ದು ಇದು:

"ಸಾಹೇಬ್, ಯೇ ಬಾಯಿ ಪೀತೀ ಹೈ. ಗಾಂವ್ ಕೀ ಔರತ್ ಹೈ, ಬೀಡಿ ಕೀ ಆದತ್ ಹೈ. ಕಿತನಾ ಬೋಲಾ, ಸುನತೀ ನಹೀ." ಸೇದುವವಳು ಇವಳು, ಹಳ್ಳಿಯ ಹೆಂಗಸು, ಬೀಡಿಯ ಚಟ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು.

ಹವಾಲ್ದಾರ ಬಗ್ಗಿ ಒಂದು ಮೋಟು ಎತ್ತಿ ನೋಡಿದ. "ಫಿಲ್ಟರ್‌ವಾಲೀ ಬೀಡಿ? ಬಾಯಿ ತೋ ಬಡೀ ಶೌಕೀನ್ ಹೈ!" ಎಂದು ನಕ್ಕ. ಬೀಡಿಗೆ ಫಿಲ್ಟರ್ ಎಲ್ಲಿರುತ್ತದೆ? ಅಧಿಕಾರಿಯೂ ನಕ್ಕರು. ಸುಳ್ಳೆಂದು ಅವರಿಗೂ ಗೊತ್ತಾಗಿತ್ತು. ಒಬ್ಬಳ ಹೆಸರಿಗೆ ಒಂದು ಚೀಟಿ ಬರೆದರೆ ಅವರ ಕೆಲಸವೂ ಮುಗಿಯುತ್ತಿತ್ತು. ಬರೆದರು. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು, ಬೆರಳಿಗೆ ಅಂಟಿದ್ದ ಕರಿಬೇವಿನ ಎಲೆ ಒರೆಸಿಯೇ ಒತ್ತಿಸಿದರು. ದಂಡ ನಾನು ಗಲ್ಲಾದಿಂದ ಕೊಟ್ಟೆ.

ಇಷ್ಟು ಹೊತ್ತೂ ಅವಳು ಬಾಯಿ ತೆರೆಯಲಿಲ್ಲ. ಹಿಂದಿ ಅರ್ಥವಾಗದವಳಲ್ಲ, ಧಾರಾವಿಯಲ್ಲಿ ಹಿಂದಿಯಿಲ್ಲದೆ ನೀರೂ ಸಿಗುವುದಿಲ್ಲ. ಅವರು ಹೋದ ಮೇಲೆ ನನ್ನನ್ನು ನೋಡಿ, "ಅಣ್ಣಾರ?" ಎಂದಳು. ಅಷ್ಟೇ. ಕೇಳುವ ಧ್ವನಿಯಲ್ಲಿ. ನಾನು "ದುಡ್ಡು ನಾನೇ ಕೊಟ್ಟೆನಲ್ಲ, ನಿನಗೇನೂ ತೊಂದರೆ ಇಲ್ಲ" ಎಂದು ಒಳಗೆ ಬಂದೆ.

ತೊಂದರೆ ಆಮೇಲೆ ಶುರುವಾಯಿತು. ಸಪ್ಲೈಯರುಗಳು ಅವಳನ್ನು ಬೀಡಿ ಬಾಯಿ ಎಂದು ಕರೆಯತೊಡಗಿದರು. "ಬೀಡಿ ಬಾಯಿ, ಒಂದು ದಮ್ಮು ನಮಗೂ ಕೊಡು" ಎನ್ನುವುದು, ನಗುವುದು. ಆ ನಗು ಹೋಟೆಲಿನ ಗೋಡೆಯೊಳಗೆ ಉಳಿಯಲಿಲ್ಲ. ಪಕ್ಕದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಧಾರಾವಿಯಲ್ಲಿ ಅವಳ ನೆರೆಯವಳೇ. ಕೆಲವು ದಿನಗಳ ಮೇಲೆ ಒಂದು ಭಾನುವಾರ ಅವಳ ಗಂಡ ಬಂದ. ಒಗೆದ ಅಂಗಿ ಹಾಕಿದ್ದ, ತಲೆಗೆ ಎಣ್ಣೆ ಹಚ್ಚಿದ್ದ, ಕೈಯ ಬಿರುಕುಗಳಲ್ಲಿ ಮಾತ್ರ ಸಿಮೆಂಟು ಹಾಗೇ ಇತ್ತು. ಗಲ್ಲಾದ ಹತ್ತಿರ ಗಿರಾಕಿಗಳು ಹೋಗುವವರೆಗೆ ಕಾದು ನಿಂತ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಸಾಹೇಬ್ರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಹೇಣ್ತಿ ಬೀಡಿ ಸೇದತಾಳ್ರೀ?"

"ಯಾರು ಹೇಳಿದ್ದು?"

"ಓಣ್ಯಾಗ ಎಲ್ಲಾರೂ ಅಂತಾರ್ರಿ. ಪೊಲೀಸರು ಹಿಡದು ಹೆಬ್ಬಟ್ಟ ಒತ್ತಿಸಿಕೊಂಡ್ರಂತ. ಅಕಿ ಇಲ್ಲ ಅಂತಾಳ. ಇಲ್ಲಾಂದ್ರ ಪೊಲೀಸರು ಯಾಕ ಬರೀತಾರ್ರಿ? ಅದಕ್ಕ ನಿಮ್ಮನ್ನ ಕೇಳಿ ಹೋಗೂಣಂತ ಬಂದೆ. ನೀವು ಅಣ್ಣಾರ ಇದ್ದಂಗ ಅಂತಿದ್ಳು."

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಹಾಗಾದರೆ ಬರೆಸಿದವರು ಯಾರು ಎಂದು. ಧನಿಗಳು ಅಂದು ಅಲ್ಲೇ ಮೂಲೆಯ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ನಾನು ಬಿಲ್ಲುಗಳನ್ನು ಜೋಡಿಸುತ್ತ ಹೇಳಿದೆ.

"ಪೊಲೀಸರು ಬರೆದದ್ದು. ನಾನು ಗಲ್ಲಾದಲ್ಲಿ ಕೂರುವವ, ಹಿಂದೆ ಎಂತ ಆಗ್ತದೆ ನನಗೆ ಹೇಗೆ ಗೊತ್ತಾಗ್ಬೇಕು?"

ಅವನು "ಆತ್ರಿ" ಎಂದು ಹೋದ. ಅವನು ಕುಡುಕನಲ್ಲ, ಹೊಡೆಯುವವನಲ್ಲ. ಹೊಡೆಯದ ಗಂಡನ ಮೌನ ಮನೆಯಲ್ಲಿ ಹೇಗಿರುತ್ತದೆ ಎಂಬುದನ್ನು ನಾನು ಆಗ ಯೋಚಿಸಲಿಲ್ಲ. ಅವಳು ಮತ್ತೂ ಕೆಲವು ವಾರ ಬಂದಳು. ನನ್ನನ್ನು ಅಣ್ಣಾ ಎನ್ನಲಿಲ್ಲ, ಏನೆಂದೂ ಕರೆಯಲಿಲ್ಲ. ದೀಪಾವಳಿಯ ನಂತರ ಬರಲಿಲ್ಲ. ಬೇರೆ ಬಾಯಿ ಸಿಕ್ಕಿದಳು. ಧನಿಗಳು ಹೇಳಿದ್ದು ಸರಿಯೇ.

ಇನ್ನೊಂದು ತಪಾಸಣೆಯ ಭಯಕ್ಕೆ ಓಣಿಯ ಬೆಂಚು ತೆಗೆಸಿದೆವು. ಗಿರಾಕಿಗಳು ರಸ್ತೆಯಲ್ಲಿ ನಿಂತು ಸೇದಲು ಕಲಿತರು. ಕಲಿಯುವುದಕ್ಕೆ ಅಷ್ಟೇನೂ ಕಷ್ಟವಾಗಲಿಲ್ಲ, ಮೊದಲ ದಿನವೇ ಅವರನ್ನು ರಸ್ತೆಗೆ ಕಳಿಸಿದ್ದರೆ ಮೊದಲ ದಿನವೇ ಕಲಿಯುತ್ತಿದ್ದರು. ಗುಜರಾತಿ ದಲಾಲರು ಸಿಗರೇಟನ್ನೇ ಬಿಟ್ಟು ಬಡೇಸೋಂಪು ಅಗಿಯತೊಡಗಿದರು. ನಾನು ಬಿಡಲಿಲ್ಲ. ಡಾಕ್ಟರು ಎದೆಯ ಫೋಟೋ ತೋರಿಸಿ ಹೇಳಿದ ಮೇಲೆಯೇ ಬಿಟ್ಟದ್ದು. ಆ ಹೊತ್ತಿಗೆ ಬಿಟ್ಟು ಪ್ರಯೋಜನವಾಗುವ ಕಾಲ ದಾಟಿತ್ತು. ಈಗ ನಮ್ಮ ಮನೆಯಿರುವ ಚಾಳಿನ ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂರುತ್ತೇನೆ.

ಕಳೆದ ವರ್ಷ ಸರ್ಕಾರಿ ಆಸ್ಪತ್ರೆಯ ಎದೆರೋಗದ ವಿಭಾಗದಲ್ಲಿ ನನ್ನ ಸರದಿಗಾಗಿ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ, ತೀರ ಸೊರಗಿದವಳು, ಉಸಿರು ಎಳೆದಾಗ ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿತ್ತು. ಜೊತೆಗೆ ಮಗ. ನಾನು ಗುರುತು ಹಿಡಿಯಲಿಲ್ಲ. ಅವಳೇ ಹಿಡಿದಳು.

"ಅಣ್ಣಾರಲ್ರೀ?" ಎಂದಳು. "ನಿಮಗೂ ದಮ್ಮೇನ್ರಿ?"

ಅಷ್ಟು ವರ್ಷಗಳ ಮೇಲೆ ಮತ್ತೆ ಆ ಕರೆ. ಹೌದು, ನನಗೂ ಉಬ್ಬಸವೇ ಎಂದು ತಲೆಯಾಡಿಸಿದೆ. ಮಗನಿಗೆ ಹೇಳಿದಳು, "ಇವ್ರು ನಮ್ಮ ಹೋಟೆಲದ ಮ್ಯಾನೇಜರ್ರಪ್ಪ." ಮಗ "ನಮಸ್ತೆ ಅಂಕಲ್" ಎಂದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಹಿಂದಿಗೆ ಹೊರಳುತ್ತಾನೆ. ಗಂಡ ಲಾಕ್‌ಡೌನಿನ ಕಾಲದಲ್ಲಿ ತೀರಿಕೊಂಡನಂತೆ. ಅವಳು ಎಲ್ಲವನ್ನೂ ತುಂಡು ತುಂಡಾಗಿ ಹೇಳಿದಳು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕುತ್ತ. "ನಿಮ್ಮ ಮಕ್ಕಳು ಚಂದ ಅದಾರೇನ್ರಿ?" ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ.

ಅವಳ ಸರದಿ ಬಂತು. ಬಾಗಿಲು ತೆರೆದೇ ಇತ್ತು, ಡಾಕ್ಟರರ ಮೇಜು ನನಗೆ ಕೈಚಾಚುವಷ್ಟು ಹತ್ತಿರ. ಚಿಕ್ಕ ವಯಸ್ಸಿನ ಡಾಕ್ಟರು, ಬರೆಯುತ್ತಲೇ ಕೇಳುತ್ತಿದ್ದರು.

"ಬೀಡಿ, ಸಿಗರೇಟ್ ಪೀತೀ ಥೀ ಕ್ಯಾ?"

ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಮಗ ಹೇಳಿದ, "ಹಾ ಡಾಕ್ಟರ್, ಪೆಹಲೇ ಬೀಡಿ ಪೀತೀ ಥೀ. ಹೋಟೆಲ್ ಮೇ ಕಾಮ್ ಕರತೀ ಥೀ ತಬ್. ಪಾಪಾ ಬೋಲತೇ ಥೇ."

ಹೋಟೆಲಿನಲ್ಲಿದ್ದಾಗ ಸೇದುತ್ತಿದ್ದಳು, ಅಪ್ಪ ಹೇಳುತ್ತಿದ್ದರು ಎಂಬ ಅವನ ಮಾತನ್ನು ಡಾಕ್ಟರು ಬರೆದುಕೊಂಡರು. "ಇಸೀಲಿಯೇ" ಎಂದರು, ಅದಕ್ಕೇ ಹೀಗೆ ಎಂದು.

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ನನ್ನನ್ನೇ ನೋಡಿದಳು. ಬೈಯುವ ನೋಟವಲ್ಲ ಅದು. ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ನೋಡಿದ ಹಾಗೆ. ನಾನು ಏಳಬೇಕಿತ್ತು. ಅಲ್ಲಿ ನಾಲ್ಕು ಮಾತು ಹೇಳಿದ್ದರೆ ಮಗನಿಗೆ ಬೀಡಿ ಸೇದದ ತನ್ನ ತಾಯಿ ಸಿಗುತ್ತಿದ್ದಳು. ಬೆಂಚಿನ ಅಂಚು ಹಿಡಿದು ಅರ್ಧ ಎದ್ದೆ. ಕೆಮ್ಮು ಬಂತು. ನಿಜವಾದ ಕೆಮ್ಮು, ನೆಪದ್ದಲ್ಲ, ಆದರೆ ಅದು ನಿಂತ ಮೇಲೂ ನಾನು ಬೇಕೆಂದೇ ಕೆಮ್ಮುತ್ತಲೇ ಇದ್ದೆ. ಅವರು ಔಷಧಿಯ ಚೀಟಿ ಹಿಡಿದು ಹೊರಗೆ ಬಂದರು. "ಬರ್ತೀನ್ರಿ ಅಣ್ಣಾರ, ಮನಿಗೆ ಬರ್ರಿ" ಎಂದು ಮನೆಯ ಗುರುತು ಹೇಳಿ ಹೋದಳು.

ಅವಳ ಎದೆ ಕೆಟ್ಟದ್ದು ನಮ್ಮ ಓಣಿಯಿಂದಲೇ ಎಂದು ನಾನು ಹೇಳಲಾರೆ. ಧಾರಾವಿಯ ಧೂಳು ಉಂಟು, ಸೀಮೆಎಣ್ಣೆಯ ಸ್ಟವ್ ಉಂಟು. ಅಲ್ಲ ಎಂದು ಹೇಳಲು ಮಾತ್ರ ಇನ್ನೂ ಆಗುವುದಿಲ್ಲ. ಡಾಕ್ಟರರನ್ನು ಕೇಳೋಣವೆಂದರೆ ಅವರ ಕಾಗದದಲ್ಲಿ ಕಾರಣ ಆಗಲೇ ಬರೆದಾಗಿದೆ.

ಒಮ್ಮೆ ಮನೆಗೆ ಹೋದೆ. ಕೇಳುತ್ತ ಕೇಳುತ್ತ ಖೋಲಿ ಸಿಕ್ಕಿತು. ಅವಳು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು, ಮುಖಕ್ಕೆ ಔಷಧಿಯ ಹಬೆ ಕೊಡುವ ಮುಖವಾಡ, ಪಕ್ಕದಲ್ಲಿ ಗರಗರ ಎನ್ನುವ ಸಣ್ಣ ಯಂತ್ರ. ಮಾತಾಡುವಂತಿರಲಿಲ್ಲ, ಕಣ್ಣಿನಲ್ಲೇ ಕೂರಿ ಎಂದಳು. ಸೊಸೆ ಚಹಾ ಕೊಟ್ಟಳು. ಮಗ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದ. "ಅಂಕಲ್, ಆಪ್ ಸಮಝಾವೋ ಇಸಕೋ, ದವಾಯಿ ಬರಾಬರ್ ನಹೀ ಲೇತೀ" ಎಂದ. ನಾನು ಅವಳಿಗೆ ಔಷಧಿ ಸರಿಯಾಗಿ ತಗೋ ಎಂದೆ. ಚಹಾ ಕುಡಿದೆ. ಯಂತ್ರ ನಿಲ್ಲಲಿ, ಆಮೇಲೆ ಹೇಳೋಣ ಎಂದು ಕೂತೆ. ಯಂತ್ರ ನಿಂತಿತು. ಅವಳು ಮುಖವಾಡ ತೆಗೆದು, "ಅಷ್ಟ ದೂರ ನಡಕೋಂತ ಬಂದ್ರೇನ್ರಿ?" ಎಂದಳು. ಬಂದೆ ಎಂದೆ. ಇನ್ನೇನು ಬಾಯಿ ತೆರೆಯಬೇಕು, ಅವಳು ಕಣ್ಣು ಮುಚ್ಚಿದಳು. ದಣಿದಿದ್ದಳು. ಎದ್ದು ಬಂದೆ.

ಮತ್ತೆ ಹೋಗಿಲ್ಲ. ಆಸ್ಪತ್ರೆಗೂ ಅವಳು ಬರುವ ದಿನ ಬಿಟ್ಟು ಬೇರೆ ದಿನ ಹೋಗುತ್ತೇನೆ. ಇದನ್ನು ಬರೆಯುವಾಗಲೂ ನನಗೆ ಗೊತ್ತು, ಅವಳಿಗೆ ಓದಲು ಬರು‌ವುದಿಲ್ಲ, ಅವಳ ಮಗನಿಗೆ ಕನ್ನಡದ ಅಕ್ಷರ ಬಾರದು. ನಮ್ಮ ಸಂಚಿಕೆ ಓದುವ ಹೋಟೆಲಿನವರ ಮನೆಗಳಿಗೆಲ್ಲ ಇದು ತಲುಪುತ್ತದೆ, ತಲುಪಬೇಕಾದ ಖೋಲಿಗೆ ತಲುಪುವುದಿಲ್ಲ. ಅದು ಗೊತ್ತಿದ್ದೇ ನನಗೆ ಬರೆಯುವ ಧೈರ್ಯ ಬಂತೋ ಏನೋ. ಅವಳು ಬೀಡಿ ಸೇದಿದವಳಲ್ಲ. ಒಂದು ದಿನವೂ ಸೇದಿದವಳಲ್ಲ. ಸೇದಿದವನು ನಾನು. ನಾನು ಕ್ಷಮೆ ಕೇಳದೆ ಉಳಿದದ್ದು ನಮ್ಮ ಹೋಟೆಲಿನ ಹಿಂದೆ ಈರುಳ್ಳಿ ಸುಲಿಯುತ್ತಿದ್ದ, ವಿಜಯಪುರದ ಕಡೆಯ ಆ ತರಕಾರಿ ಬಾಯಿಯ ಹತ್ತಿರ.